ಗೌರಿಯ ಗೋಣಿತಾಟು, ಕೆರೆಯ ಬೆಳ್ಳಕ್ಕಿ

ನಿವೃತ್ತನಾದ ಮರುವಾರವೇ, 2002ರ ಡಿಸೆಂಬರಿನಲ್ಲಿ, ಗೌರಿಯನ್ನು ನೋಡಲು ಚೆನ್ನೈಗೆ ಹೊರಟೆ. ಗೌರಿ ಒಂದು ಸಿಂಗಳೀಕ. ತಾಯಿ ಕರೆಂಟು ತಂತಿಗೆ ಸಿಕ್ಕಿ ಸತ್ತಾಗ, ಅಂಗೈಯಷ್ಟಿದ್ದ ಮರಿಯನ್ನು ನಾನು ಕೆಲಸಕ್ಕಿದ್ದ ಸಣ್ಣ ಪ್ರಾಣಿಧಾಮಕ್ಕೆ ತಂದಿದ್ದರು. ಬಾಟಲಿ ಹಾಲು ಕುಡಿಸಿ ಬೆಳೆಸಿದವನು ನಾನು. ಅಳಿಯುತ್ತಿರುವ ಜಾತಿ, ಜೋಡಿ ಸಿಕ್ಕಿ ಮರಿ ಮಾಡಲಿ ಎಂದು ಆರು ವರ್ಷದ ಹಿಂದೆ ಅವಳನ್ನು ಚೆನ್ನೈಗೆ ಕಳಿಸಿದರು. ನನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ ಎಂಬ ಒಂದೇ ಯೋಚನೆ ರೈಲಿನ ದಾರಿಯುದ್ದಕ್ಕೂ ಇತ್ತು.

ವೆಸ್ಟ್ ಮಾಂಬಲಂನಲ್ಲಿ ದೊಡ್ಡಮ್ಮನ ಮಗಳು ವೇದಕ್ಕನ ಮನೆಯಲ್ಲಿ ಉಳಿದೆ.

"ಕೋತಿ ನೋಡಕ್ಕೆ ಇಷ್ಟು ದೂರ ಬಂದ್ಯೇನೋ?" ಎಂದು ನಕ್ಕು, ಬೆಳಿಗ್ಗೆ ಮೊಸರನ್ನದ ಡಬ್ಬಿ ಕೈಗಿಟ್ಟಳು.

ಲೋಕಲ್ ರೈಲಿಗೆ ಏಳು ರೂಪಾಯಿ. ಜಿನುಗು ಮಳೆ. ಪಲ್ಲಾವರಂ ಬಳಿ ಕೊಚ್ಚೆ ನಿಂತ ಹೊಂಡದಲ್ಲೂ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು.

ಊರಾಚೆಯ ಮೃಗಾಲಯದ ಕೆರೆಯಂಚಿನ ಮರಗಳಲ್ಲೂ ಅವೇ ಹಕ್ಕಿಗಳು, ಗೂಡುಗಳ ತುಂಬ ಮರಿಗಳ ಗದ್ದಲ. ಗೌರಿಯನ್ನು ನೋಡಿಕೊಳ್ಳುವ ಮುನಿಯಪ್ಪ ಹೊಸೂರು ಕಡೆಯವನು.

"ಇದುಗಳ್ನ ಯಾರೂ ಕರೀಲಿಲ್ಲ ಸಾರ್. ತಾನೇ ಬರತ್ತೆ, ತಾನೇ ಮರಿ ಸಾಕತ್ತೆ. ನಿಮ್ಮ ಗೌರಿಗೇ ಆಗ್ಲಿಲ್ಲ."

"ಯಾಕೆ, ಏನಾಯ್ತು?"

"ಹೋದ ವರ್ಷ ಮರಿ ಹಾಕ್ತು. ಎದೇಗೆ ಇಟ್ಕೊಳ್ಳಲೇ ಇಲ್ಲ. ಮೂಲೇಲಿ ಗೋಣಿ ಇತ್ತು, ಅದರ ಮೇಲೆ ಮಲಗ್ಸಿ ಪಕ್ಕದಲ್ಲಿ ಕೂತಿರೋದು. ನಮ್ಮನ್ನೂ ಹತ್ರ ಬಿಡದು. ಎರಡೇ ದಿನ, ಹೋಯ್ತು. ಯಾಕೆ ಹಂಗೆ ಮಾಡ್ತೋ, ಡಾಕ್ಟರ್‌ಗೂ ತೆರಿಯಲೆ, ಗೊತ್ತಾಗ್ಲಿಲ್ಲ ಸಾರ್."

ನನಗೆ ತಿಳಿಯಿತು. ಹಾಲು ಕುಡಿಸಿದ ಮೇಲೆ ಅವಳನ್ನು ಗೋಣಿತಾಟಿನ ಮೇಲೆ ಮಲಗಿಸಿ, ನಿದ್ದೆ ಹತ್ತುವವರೆಗೆ ಪಕ್ಕದಲ್ಲಿ ಕೂರುತ್ತಿದ್ದೆ. ಎತ್ತಿಕೊಂಡರೆ ಚಾಳಿಯಾದೀತೆಂದು ಅತ್ತರೂ ಎತ್ತುತ್ತಿರಲಿಲ್ಲ. ಅದನ್ನೇ ಶಿಸ್ತು ಎಂದು ಹೊಸಬರಿಗೂ ಹೇಳಿಕೊಡುತ್ತಿದ್ದೆ. ಬೆಳ್ಳಕ್ಕಿ ಕಲಿಯದೆಯೇ ಬಲ್ಲದ್ದನ್ನು ಸಿಂಗಳೀಕದ ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಕಲಿಯಬೇಕು. ಗೌರಿಗೆ ನಾನು ಗೋಣಿತಾಟು ಕಲಿಸಿದ್ದೆ.

ಜಾಲರಿಯ ಬಳಿ ಹೋಗಿ, ಹಿಂದಿನಂತೆ ಲೊಚಗುಟ್ಟಿದೆ. ಉಳಿದ ಸಿಂಗಳೀಕಗಳೆಲ್ಲ ಮೇಲಿನ ಕೊಂಬೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕೆಳಗೆ ಒಂಟಿಯಾಗಿದ್ದ ಗೌರಿ ತಟ್ಟನೆ ತಿರುಗಿದಳು. ಓಡಿ ಬಂದು, ಬೆರಳು ತೂರಿಸಿ ನನ್ನ ಅಂಗಿಯ ತೋಳು ಹಿಡಿದಳು.

"ನೋಡಿ ಸಾರ್, ಮರ್ತಿಲ್ಲ. ಆ ಗುಂಪಿಗೆ ಮಾತ್ರ ಇವತ್ತಿಗೂ ಸೇರಲ್ಲ," ಎಂದ ಮುನಿಯಪ್ಪ.

ಒಂದು ಗಂಟೆ ಹಾಗೇ ನಿಂತಿದ್ದೆ. ಬಿಡಿಸಿಕೊಂಡು ಹೊರಟವನು ಕೆರೆಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವಳು ಜಾಲರಿಯ ಬಳಿಯೇ ಇದ್ದಳು.

ಸಂಜೆ ವೇದಕ್ಕ ಬಾಗಿಲಲ್ಲೇ ಕೇಳಿದಳು. "ಗುರುತು ಹಿಡಿದ್ಲೇನೋ?"

"ಹಿಡಿದ್ಲು."

ಮುಚ್ಚಳ ತೆಗೆಯದ ಡಬ್ಬಿಯನ್ನು ನೋಡಿ, "ಮತ್ತೆ ಯಾಕೋ ಊಟಾನೇ ಮಾಡಿಲ್ಲ?" ಎಂದಳು.

"ಮರೆತಿದ್ರೆ ಚೆನ್ನಾಗಿತ್ತು, ಅಕ್ಕ," ಎಂದೆ.