ಪರದೆಯ ಮೇಲಿನ ಮುಖಗಳು

ಹಡಗಲಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಒಬ್ಬ ಹುಡುಗನ ಫ್ಲೆಕ್ಸ್ ಅಂಗಡಿ. ಊರಿನಲ್ಲಿ ಯಾರೇ ಸತ್ತರೂ ಶ್ರದ್ಧಾಂಜಲಿಯ ಬ್ಯಾನರ್ ಅವನೇ ಮಾಡಬೇಕು. ಮನೆಯವರು ತಂದ ಮಾಸಿದ ಫೋಟೊದಲ್ಲಿ ಮೊದಲು ಕಣ್ಣು ತಿದ್ದುತ್ತಿದ್ದ, ಆಮೇಲೆ ಕೊರಳಿಗೆ ಮಲ್ಲಿಗೆ ಹಾರ ಹಾಕುತ್ತಿದ್ದ. ವರ್ಷದ ತಿಥಿಗೆ ಮತ್ತೆ ಬೇಕಾಗುತ್ತದೆಂದು ಅವರು ಹೇಳುವ ಮೊದಲೇ, “ಮುಖ ನನ್ನ ಹತ್ರ ಐತಿ, ಹೋಗಿ ಬರ್ರಿ” ಎನ್ನುತ್ತಿದ್ದ. ಆ ಮುಖಗಳೆಲ್ಲ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೇ ಇದ್ದವು. ಬೇರೆ ಕಡೆ ಒಂದು ಕಾಪಿ ಇಡು ಎಂದರೆ, “ಕಣ್ಣ ಮುಂದ ಇರ್ಲಿ ಬಿಡ್ರಿ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಹೊಸ ಪ್ರಿಂಟರಿನ ಡ್ರೈವರ್ ಹಾಕಿದ ಮೇಲೆ ಕಂಪ್ಯೂಟರ್ ನೀಲಿ ಪರದೆಯಿಂದ ಮುಂದಕ್ಕೆ ಹೋಗಲೇ ಇಲ್ಲ. ಎದುರಿಗೆ ಇಟ್ಟಿಗಿ ಊರಿನಿಂದ ಬಂದ ತಂದೆಯೊಬ್ಬ ಸತ್ತ ಮಗಳ ಫೋಟೊ ಹಿಡಿದು ನಿಂತಿದ್ದ. ಮಧ್ಯಾಹ್ನವೇ ಮಣ್ಣು ಮಾಡಬೇಕಿತ್ತು. ವಿಂಡೋಸ್ ಹೊಸದಾಗಿ ಹಾಕುವುದೊಂದೇ ದಾರಿ ಎಂದು ಫ್ಲೆಕ್ಸ್ ಅಂಗಡಿಯವನು ಹೇಳಿದ.

“ಫಾರ್ಮ್ಯಾಟ್ ಹೊಡೀಬ್ಯಾಡ, ಎಲ್ಲಾ ಹೋಗ್ತಾವ. ಹೊಸಪೇಟಿಗೆ ಒಯ್ದರ ಒಳಗಿನ ಫೋಟೊ ಉಳಿಸಿ ಕೊಡ್ತಾರ,” ಎಂದೆ.

“ಅಲ್ಲೀತನ ಆ ಕೂಸು ಕಾಯ್ತೈತೇನ್ರಿ?” ಎಂದು ಮೆಲ್ಲಗೆ ಕೇಳಿ, ಪರದೆಯನ್ನು ಒಮ್ಮೆ ಅಂಗೈಯಿಂದ ಒರೆಸಿ, ಫಾರ್ಮ್ಯಾಟ್ ಒತ್ತಿಯೇಬಿಟ್ಟ.

ಬ್ಯಾನರ್ ಹೊತ್ತಿಗೆ ಸರಿಯಾಗಿ ಬಂತು. ತಂದೆ ಆ ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ.

ಮುಂದಿನ ವಾರ ಮುದುಕಿಯೊಬ್ಬಳು ಗಂಡನ ವರ್ಷದ ಪುಣ್ಯಸ್ಮರಣೆಗೆ ಬ್ಯಾನರ್ ಕೇಳಲು ಬಂದಳು. “ಇದ್ದ ಒಂದು ಫೋಟೊನೂ ಕಳದೈತಪ್ಪ. ಮುಖ ನಿನ್ನ ಹತ್ರ ಐತಲ್ಲ?”

“ಐತಿ, ಕುಂದ್ರವ್ವ,” ಎಂದ.

ಪರದೆಯ ಮೇಲೆ ಈಗ ಒಂದು ಮುಖವೂ ಇರಲಿಲ್ಲ. ಖಾಲಿ ಪುಟವೊಂದನ್ನು ತೆರೆದು, ಅವಳತ್ತ ತಿರುಗದೆ ಕೇಳಿದ: “ಅಜ್ಜನ ಕಣ್ಣು ಹೆಂಗಿದ್ವು, ಹೇಳು.”