ಅಕ್ಕಿ ಇಲ್ಲದ ಕಾಲದ ಉಡಿ

ನನ್ನ ಯಜಮಾನರು ಶಹಾಬಾದಿನ ಶಾಲೆಯೊಂದರಲ್ಲಿ ಇತಿಹಾಸದ ಮಾಸ್ತರು. ಕಾಗಿಣಾ ದಂಡೆಯಲ್ಲಿ ಅವರಿಗೊಂದು ಕಲ್ಲಿನ ಕೊಡಲಿ ಸಿಕ್ಕಿದ್ದೇ ತಡ, ಆದಿಮಾನವರ ಕಾದಂಬರಿ ಬರೆಯುವ ಹುಚ್ಚು ಹಿಡಿಯಿತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ನಾನು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕುಳಿತು ಬರೆದದ್ದನ್ನು ಓದಿ ಹೇಳುತ್ತಿದ್ದರು. "ಆ ಕಾಲಕ್ಕ ಜ್ವಾಳಾನೇ ಇರಲಿಲ್ಲ" ಎಂದು ಒಂದು ದಿನ ತಮ್ಮ ಕಾದಂಬರಿಯ ಜನರ ಬಾಯಿಂದ ರೊಟ್ಟಿ ಕಿತ್ತುಕೊಂಡರು. ಆಮೇಲೆ ಮೆಣಸಿನಕಾಯಿಯೂ ಹೋಯಿತು.

"ಉಪಾಸ ಕೆಡವಿ ಕೊಲ್ತೀರೇನ್ರೀ ಅವರನ್ನ?" ಎಂದು ನಾನು ರೇಗಿದರೆ ನಗುತ್ತಿದ್ದರು.

ಕಾದಂಬರಿ ನಿಂತದ್ದು ಕೊನೆಯ ಅಧ್ಯಾಯದಲ್ಲಿ. ಅಲ್ಲಿ ತಾಯಿಯೊಬ್ಬಳು ಮಗಳನ್ನು ಹೊಳೆಯಾಚೆಯ ಗುಂಪಿಗೆ ಕಳಿಸಿಕೊಡಬೇಕು. ನಮ್ಮ ಮಗಳನ್ನು ಚಿಂಚೋಳಿಗೆ ಕೊಟ್ಟ ಹೊಸತು. ನಾನು ಅವಳನ್ನು ಕಳಿಸಿದ ಹಾಗೆಯೇ ಆ ತಾಯಿಯ ಕೈಲೂ ಉಡಿ ತುಂಬಿಸಿಬಿಟ್ಟಿದ್ದರು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಆಮೇಲೆ ತಲೆ ಚಚ್ಚಿಕೊಂಡರು. ಅಕ್ಕಿಯಿಲ್ಲ, ಕೊಬ್ಬರಿಯಿಲ್ಲ, ಉಡಿ ಒಡ್ಡಲು ಸೀರೆಯೇ ಇಲ್ಲ.

"ಮತ್ತ ಏನ್ ಕೊಟ್ಟಿದ್ದಾಳು ಆಕಿ? ನೀ ಹೇಳು, ನೀನೂ ಹಡದಾಕಿ."

"ಖಾಲಿ ಕೈಲೆ ಯಾವ ತಾಯಿ ಕಳಸ್ತಾಳ್ರೀ? ನನಗ ತಿಳೀವಲ್ದು."

ನಿಜವಾಗಿಯೂ ತಿಳಿಯಲಿಲ್ಲ. ಅವರು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ರಾಜ್ಯದ ಹೆಸರೇ ಬದಲಾಯಿತು, ಆ ಪುಟ ಮಾತ್ರ ಆಗಲಿಲ್ಲ. ಸುಳ್ಳು ಬರೆದು ಅಚ್ಚು ಹಾಕಿಸಲು ಅವರಿಗೆ ಮನಸ್ಸಿರಲಿಲ್ಲ. ಒಂದು ಮುಂಜಾನೆ ಎದೆನೋವು ಎಂದವರು ಹೋಗೇಬಿಟ್ಟರು.

ಮರುವರ್ಷ ಪಂಚಮಿಗೆ ಬಂದ ಮಗಳು ಗಂಡನ ಮನೆಗೆ ಹೊರಟಳು. ಗಂಡ ಸತ್ತವಳು ಉಡಿ ತುಂಬುವ ಹಾಗಿಲ್ಲವಂತೆ. ಹೆತ್ತ ಮಗಳಿಗೂ ಇಲ್ಲ! ಆ ಪದ್ಧತಿಯ ಮನೆ ಹಾಳಾಗ. ಎದುರುಮನೆಯಾಕೆ ಬಂದು ಅಕ್ಕಿ, ಖಣ ಹಾಕಿದಳು. ನಾನು ಬಾಗಿಲ ಮರೆಯಲ್ಲಿ ಹೊಟ್ಟೆ ಉರಿದುಕೊಂಡು ನಿಂತಿದ್ದೆ.

ಮಗಳು ತುಂಬಿದ ಉಡಿ ಹಿಡಿದುಕೊಂಡು ನನ್ನ ಹತ್ತಿರವೇ ಬಂದಳು. ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಅವಳ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ, ದೃಷ್ಟಿ ತಾಕದಿರಲೆಂದು ನನ್ನ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದೆ. "ಅವ್ವಾ, ಇಷ್ಟ ಸಾಕು ನನಗ" ಎಂದು ಅತ್ತಳು.

ಅವಳು ಬಸ್ಸಿಗೆ ಹೋದಳು. ನಾನು ದಡದಡ ಒಳಗೆ ಬಂದು, "ರೀ, ನಿಮ್ಮ ಆ ತಾಯಿ ಏನ್ ಕೊಟ್ಲಂತ ತಿಳೀತ್ರೀ!" ಎಂದು ಕೂಗಿಯೇಬಿಟ್ಟೆ. ಕೂಗಿದ ಮೇಲೆ, ಕೇಳುವವರು ಇಲ್ಲವೆಂಬುದು ನೆನಪಾಯಿತು.