ನೂರು ಜನ ಕೂತು ನೋಡಬೇಕಾದ ಆಟ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಡುವ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ವಾಲಿಬಾಲು, ಗಾಳಿ ಹೊಡೆಯುವ ಪಂಪು, ಅದರ ಪಿನ್ನು, ಆ ಪಿನ್ನು ಕಳೆದರೆ ಇರಲೆಂದು ಇನ್ನೊಂದು ಪಿನ್ನು, ಅದೂ ಕಳೆದರೆ ಎಂದು ಮೂರನೆಯದು, ನೋವಿನ ಮುಲಾಮು, ಗ್ಲೂಕೋಸ್ ಪುಡಿ, ಹನ್ನೆರಡು ನಿಂಬೆಹಣ್ಣು ಮತ್ತು ಒಂದು ನೋಟ್‌ಬುಕ್ಕು ಇದ್ದವು. ವಾಲಿಬಾಲಿನ ಬಗ್ಗೆ ನನಗಿದ್ದ ತಿಳಿವಳಿಕೆ ಮಾತ್ರ ಚೀಲದಲ್ಲೂ ಇರಲಿಲ್ಲ, ತಲೆಯಲ್ಲೂ ಇರಲಿಲ್ಲ. ನಾನು ಇತಿಹಾಸದ ಮೇಷ್ಟ್ರು. ನಮ್ಮ ಕಾಲೇಜಿನಲ್ಲಿ ಆಟದ ಮೇಷ್ಟ್ರ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಹೆಣ್ಣುಮಕ್ಕಳ ತಂಡವನ್ನು ಯಾರು ಕರೆದುಕೊಂಡು ಹೋಗುತ್ತೀರಿ ಎಂದು ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಕೇಳಿದ ಹೊತ್ತಿಗೆ ಸರಿಯಾಗಿ ನಾನು ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಫೆಬ್ರವರಿಯ ಕೊನೆಯ ವಾರ, ಬಿಸಿಲು ಆಗಲೇ ಹಲ್ಲು ತೋರಿಸುತ್ತಿತ್ತು. ಐದು ಊರಿನ ಕಾಲೇಜುಗಳ ನಡುವಿನ ಪಂದ್ಯಾವಳಿ. ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ದಿನಕ್ಕೊಂದು ಊರಿನಂತೆ ಆಡಿಕೊಂಡು ಬರಬೇಕು. ಹೆಚ್ಚು ಗೆದ್ದ ಎರಡು ತಂಡಗಳು ಐದನೆಯ ದಿನ ಕೂಡ್ಲಿಗಿಯಲ್ಲಿ, ನಮ್ಮ ಕಾಲೇಜಿನ ಮೈದಾನದಲ್ಲಿ, ಕೊನೆಯ ಪಂದ್ಯ ಆಡಬೇಕು.

ಹೊರಡುವ ಮುನ್ನಾದಿನ ಪ್ರಿನ್ಸಿಪಾಲರು ನನ್ನನ್ನೂ ತಂಡದ ನಾಯಕಿ ರೇಣುಕಾಳನ್ನೂ ಕೋಣೆಗೆ ಕರೆದಿದ್ದರು.

"ನೋಡ್ರಿ, ಹುಡುಗುರ ಆಟಕ್ಕ ಜನ ಬರ್ತಾರ. ಹೆಣ್ಮಕ್ಕಳ ಆಟಕ್ಕ ಯಾರು ಬರ್ತಾರ? ನೋಡೋರಿಲ್ಲದ ಆಟ ಆಡಿಸಿ ಏನ್ ಮಾಡೋದೈತಿ? ಕೊನೀ ಮ್ಯಾಚಿಗೆ ನೂರು ಮಂದಿ ಕುಂತು ನೋಡ್ಲಿ, ಮುಂದಿನ ವರ್ಷಾನೂ ಟೀಮು ಇರತೈತಿ. ಇಲ್ಲಾಂದ್ರ ಇಲ್ಲಿಗೆ ಮುಗೀತು."

ರೇಣುಕಾ ಎರಡನೇ ಬಿ.ಎ. ಹೊಸಹಳ್ಳಿ ಕಡೆಯಿಂದ ಕೂಡ್ಲಿಗಿಗೆ ಬಂದು ನೆಲೆಸಿದ ಕೂಲಿ ಮನೆಯ ಹುಡುಗಿ. ಅವಳಿಗೆ ಇನ್ನೊಂದೇ ವರ್ಷ ಉಳಿದಿತ್ತು. "ನೂರು ಸಾಕಾ ಸರ?" ಎಂದಷ್ಟೇ ಕೇಳಿದಳು.

ಬಸ್ಸಿನಲ್ಲಿ ಒಂಬತ್ತು ಹುಡುಗಿಯರು, ನಾನು ಮತ್ತು ನಮ್ಮ ಲೈಬ್ರೇರಿಯನ್ ಶಾರದಮ್ಮ. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸು ಇರಲೇಬೇಕೆಂದು ಶಾರದಮ್ಮನವರನ್ನು ಹೊರಡಿಸಿದ್ದರು. ಅವರು ಸೀಟಿಗೆ ಒರಗಿದರೆಂದರೆ ನಿದ್ದೆ. ಎದ್ದರೆಂದರೆ ನನ್ನ ಮೇಲೆ ಮಾತು. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ದಾರಿಯಲ್ಲಿ ನಾನು ನಾಲ್ಕು ಸಲ ಹುಡುಗಿಯರ ತಲೆ ಎಣಿಸಿದೆ. "ಓಡೋ ಬಸ್ಸಿನಾಗ ಯಾರು ಇಳದು ಹೋಗ್ಯಾರ್ರೀ ಸರ?" ಎಂದರು ಶಾರದಮ್ಮ, ಕಣ್ಣು ಮುಚ್ಚಿಕೊಂಡೇ.

ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಆಟದ ದಿನ ಬಜ್ಜಿ ತಿನ್ನಬಾರದೆಂದು ಹೇಳಬೇಕೆನಿಸಿತು. ಅಷ್ಟರಲ್ಲಿ ನನ್ನವೇ ಎರಡು ಮುಗಿದಿದ್ದವು. ಪಂದ್ಯ ಮೂರು ಗಂಟೆಗೆ. ನಮ್ಮವರು ಎರಡು ಸೆಟ್ಟು ಸಲೀಸಾಗಿ ಗೆದ್ದರು. ನಾನು ನೋಟ್‌ಬುಕ್ಕಿನಲ್ಲಿ 'ಪ್ರೇಕ್ಷಕರು' ಎಂದು ಗೆರೆ ಹಾಕಿ 'ಹನ್ನೊಂದು' ಎಂದು ಬರೆದೆ. ಅದರಲ್ಲಿ ನಾಲ್ವರು ಮರದ ನೆರಳಿಗೆ ಬಂದವರು, ಅವರ ಬೆನ್ನು ನಮ್ಮ ಕಡೆಗಿತ್ತು.

ರೇಣುಕಾ ಬಗ್ಗಿ ನೋಡಿದಳು. "ಸರ, ಆ ಎಮ್ಮೀನೂ ಬರಕೊಂಡ್ರ್ಯಾ? ಅದು ಮೊದಲ್ನಿಂದ ಕಡೀತನಕ ನೋಡೇತಿ."

ಎರಡನೇ ದಿನ ಹರಪನಹಳ್ಳಿ. ಆ ತಾಲ್ಲೂಕು ಆಗಷ್ಟೇ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತ್ತು. ಬೇರೆ ಜಿಲ್ಲೆಯವರೊಂದಿಗೆ ಆಡಲು ಬೇರೆ ಪರವಾನಗಿ ಬೇಕಾದೀತೇ ಎಂದು ನಾನು ದಾರಿಯುದ್ದಕ್ಕೂ ಚಿಂತಿಸಿದೆ. ಅಲ್ಲಿ ಯಾರೂ ಪರವಾನಗಿ ಕೇಳಲಿಲ್ಲ. ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿಸಿದ್ದರು. ಕಾಂಪೌಂಡಿನ ಮೇಲೆ ಐವತ್ತು ಅರವತ್ತು ಗಂಡಸರು ಸಾಲಾಗಿ ಕೂತಿದ್ದರು. ನನಗೆ ಖುಷಿಯಾಯಿತು. ಆ ಖುಷಿ ಒಂದು ಸರ್ವಿಸಿನ ತನಕ ಇತ್ತು.

"ಏಯ್ ಕೂಡ್ಲಿಗಿ! ಊಟ ಮಾಡಿ ಬಂದಿಲ್ವೇನ್ರೇ?" ಎಂದು ಗೋಡೆಯ ಮೇಲಿನ ದಪ್ಪ ಮೀಸೆಯವನೊಬ್ಬ ಕೂಗಿದ. ಉಳಿದವರು ಸಿಳ್ಳೆ ಹಾಕಿದರು. ಹುಡುಗಿಯೊಬ್ಬಳು ಹಾರಿದರೆ ಒಂದು ಮಾತು, ಬಿದ್ದರೆ ಎರಡು. ನಮ್ಮವರ ಕೈ ತಪ್ಪತೊಡಗಿತು. ಎದ್ದು ಹೋಗಿ ಗದರಬೇಕೆಂದು ನಾನು ಮೂರು ಸಲ ಕುರ್ಚಿಯ ತುದಿಗೆ ಬಂದು ಕೂತೆ.

ರೇಣುಕಾ ಅಂಪೈರಿಗೆ ಕೈ ತೋರಿಸಿ ಆಟ ನಿಲ್ಲಿಸಿದಳು. ಗೋಡೆಯ ಹತ್ತಿರ ಹೋದಳು.

"ಅಣ್ಣಾ, ಕೆಳಗ ಇಳೀರಿ. ಲೈನು ನೋಡಾಕ ಒಬ್ರು ಕಡಿಮಿ ಅದಾರ. ನಿಮ್ಮ ಕಣ್ಣು ಭಾಳ ಚಲೋ ಅದಾವ, ಆವಾಗಿಂದ ಬರೇ ನಮ್ಮನ್ನಾ ನೋಡಾಕ ಹತ್ತೀರಿ."

ಗೋಡೆಯೆಲ್ಲ ನಕ್ಕಿತು. ಮೀಸೆಯವನು ಇಳಿಯದೆ ವಿಧಿಯಿರಲಿಲ್ಲ. ಕೈಗೆ ಕೆಂಪು ಬಾವುಟ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಅವನಷ್ಟು ಕಟ್ಟುನಿಟ್ಟಿನ ಮನುಷ್ಯ ಆ ಮೈದಾನದಲ್ಲಿ ಇರಲಿಲ್ಲ. ಎರಡನೇ ಸೆಟ್ಟಿನಲ್ಲಿ ಅವರ ಊರಿನವರದೇ ಒಂದು ಹೊಡೆತ ಬೆರಳಗಲ ಆಚೆ ಬಿತ್ತು. ಅವನು ಬಾವುಟ ಎತ್ತಿದ. ಗೋಡೆಯವರು ಬೈದರು. "ಔಟಂದ್ರೆ ಔಟು ಕಣ್ರಲೇ! ಕಣ್ಣಿಗೆ ಕಂಡಿದ್ದು ಹೇಳ್ಬೇಕಲ್ಲ," ಎಂದು ಅವರಿಗೇ ಗದರಿದ. ಸಿಳ್ಳೆ ನಿಂತಿತು. ನಮ್ಮವರು ಗೆದ್ದರು.

ಗೋಡೆಯ ಮೇಲೆ ಕೂತವರು 'ಕೂತು ನೋಡಿದವರ' ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂದು ರಾತ್ರಿ ಊಟದ ಹೊತ್ತಿಗೆ ಶಾರದಮ್ಮನವರನ್ನು ಕೇಳಿದೆ. "ಮೊದಲು ಉಣ್ರಿ," ಎಂದರು. ಒಂದು ಮಾತು ಮಾತ್ರ ನನಗೂ ಹೊಳೆದಿತ್ತು: ಆ ಸಾಲಿನಲ್ಲಿ ಒಬ್ಬಳೇ ಒಬ್ಬ ಹೆಂಗಸೂ ಇರಲಿಲ್ಲ.

ಮೂರನೇ ದಿನ ಹೂವಿನಹಡಗಲಿ. ಬಸ್ಸು ಇಳಿಯುತ್ತಲೇ ಮಲ್ಲಿಗೆಯ ವಾಸನೆ. ಮೈದಾನದ ಎದುರು, ರಸ್ತೆಯ ಆಚೆ, ಬೇವಿನ ಮರದ ಕೆಳಗೆ ಇಪ್ಪತ್ತು ಇಪ್ಪತ್ತೈದು ಹೆಂಗಸರು ಬುಟ್ಟಿ ಇಟ್ಟುಕೊಂಡು ಹೂ ಕಟ್ಟುತ್ತಿದ್ದರು. ಮೈದಾನದಲ್ಲಿ ಮಾತ್ರ ನಮ್ಮನ್ನೂ ಹಡಗಲಿ ತಂಡವನ್ನೂ ಬಿಟ್ಟರೆ ಗಾಳಿ. ನಾನು ರಸ್ತೆ ದಾಟಿ ಹೋಗಿ, ನಡುವೆ ಕೂತಿದ್ದ ಹಿರಿಯಳಿಗೆ ಕೈ ಮುಗಿದೆ. ಅವಳ ಹೆಸರು ಗಂಗವ್ವ ಎಂದು ಆಮೇಲೆ ತಿಳಿಯಿತು.

"ಆಟ ನೋಡಾಕ ಬರ್ರಿ," ಎಂದೆ.

"ಚಲೋ ಹೇಳ್ತೀರಿ ಸರ. ಐದೂವರಿ ಬಸ್ಸಿಗೆ ಈ ಹೂವು ಹೋಗಬೇಕು. ಕೈ ಖಾಲಿ ಎಲ್ಲೈತಿ?"

ನಾನು ವಾಪಸು ಹೊರಟೆ. ಆದರೆ ನನ್ನ ಹಿಂದೆಯೇ ಬಂದಿದ್ದ ರೇಣುಕಾ ಅಲ್ಲಿಯೇ ನಿಂತು ಗಂಗವ್ವನ ಕೈಯನ್ನೇ ನೋಡುತ್ತಿದ್ದಳು. ಗಂಗವ್ವ ನಮ್ಮ ಮುಖ ನೋಡಿ ಮಾತಾಡುತ್ತಿದ್ದಂತೆಯೇ ಅವಳ ಬೆರಳು ಎರಡೆರಡು ಮೊಗ್ಗು ಎತ್ತಿ, ದಾರ ಸುತ್ತಿ, ಎಳೆದು, ಮತ್ತೆ ಎತ್ತುತ್ತಿದ್ದವು. ಒಮ್ಮೆಯೂ ಕೆಳಗೆ ನೋಡಿರಲಿಲ್ಲ.

"ಯವ್ವಾ, ಕೈ ಯಾರು ಕೇಳ್ಯಾರ? ಕಣ್ಣು ಖಾಲಿ ಅದಾವಲ್ಲ, ಅವನ್ನ ತಗೊಂಡು ಬರ್ರಿ. ಬುಟ್ಟಿ ನಾವು ಹೊತಗೊಂತೀವಿ."

ಗಂಗವ್ವ ಒಂದು ಗಳಿಗೆ ಅವಳನ್ನು ನೋಡಿದಳು. "ಏಳ್ರೇ," ಎಂದಳು ಉಳಿದವರಿಗೆ. ಎರಡೂ ತಂಡದ ಹುಡುಗಿಯರು ಬುಟ್ಟಿ ಹೊತ್ತು ರಸ್ತೆ ದಾಟಿಸಿದರು.

ಆ ಪಂದ್ಯ ನಾವು ಸೋತೆವು. ಅವರ ನಾಲ್ಕನೇ ನಂಬರಿನ ಹುಡುಗಿ ಹೊಡೆದದ್ದೆಲ್ಲ ನಮ್ಮವರಿಲ್ಲದ ಜಾಗದಲ್ಲೇ ಬೀಳುತ್ತಿತ್ತು. ನನಗೆ ಸೋಲಿಗಿಂತ ದೊಡ್ಡ ಚಿಂತೆ ಹೆಂಗಸರದು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಬೆರಳು ಓಡುತ್ತಲೇ ಇದ್ದವು. ಪಾಪ, ಬಲವಂತಕ್ಕೆ ಬಂದಿದ್ದಾರೆ ಎಂದುಕೊಂಡೆ. ಆಟ ಮುಗಿದ ಮೇಲೆ ಗಂಗವ್ವ ರೇಣುಕಾಳನ್ನು ಹತ್ತಿರ ಕರೆದಳು.

"ಆ ನಾಕನೇ ನಂಬರಿನಾಕಿ ನಮ್ಮೂರಾಕಿನ. ಆದ್ರೂ ಹೇಳ್ತೀನಿ. ಎಡಕ್ಕ ನೋಡ್ತಾಳ, ಬಲಕ್ಕ ಹೊಡಿತಾಳ. ಆರು ಸಲ ಹಂಗ ಮಾಡಿದ್ಲು, ಆರು ಸಲಾನೂ ನೀನು ಎಡಕ್ಕ ಓಡಿದಿ. ಏನು ಓದ್ತೀರ್ಬೇ ಕಾಲೇಜಿನಾಗ?"

ಹಾಗೆಂದು ಒಂದು ಮೊಳ ಹೂ ಹರಿದು ಅವಳ ಜಡೆಗೆ ತಾನೇ ಮುಡಿಸಿದಳು. ಇಷ್ಟು ದಿನ ಜನರನ್ನು ಎಣಿಸುತ್ತ ಕೂತ ನಾನು ಆ ನಾಲ್ಕನೇ ನಂಬರನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ನಾಲ್ಕನೇ ದಿನ ಹಗರಿಬೊಮ್ಮನಹಳ್ಳಿ, ಬೆಳಗಿನ ಪಂದ್ಯ. ಹಡಗಲಿಯವರು ಆಗಲೇ ಕೊನೆಯ ಪಂದ್ಯಕ್ಕೆ ಬಂದಿದ್ದರು, ಇದು ಗೆದ್ದರೆ ಮಾತ್ರ ಅವರೆದುರು ನಾವು. ಗೆದ್ದರು. ನೋಡಿದವರು ಆರು ಜನ. ಅವತ್ತು ಕ್ರಿಕೆಟ್ಟಿತ್ತು, ಮೈದಾನದ ಪಕ್ಕದ ಹೋಟೆಲಿನ ಒಂದು ಟಿ.ವಿ. ಮುಂದೆ ಅಷ್ಟೂ ಊರು ನಿಂತಿತ್ತು. ನಮ್ಮ ಅಂಪೈರೇ ಎರಡು ಸೆಟ್ಟಿನ ನಡುವೆ ಹೋಗಿ ಸ್ಕೋರು ಕೇಳಿಕೊಂಡು ಬಂದ.

ಕೂಡ್ಲಿಗಿಯ ಬಸ್ಸಿನಲ್ಲಿ ನಾನು ಹುಡುಗಿಯರಿಗೆ ಸಮಾಧಾನದ ಮಾತು ಆರಂಭಿಸಿದೆ. ಆಟ ಮುಖ್ಯ, ಜನ ಮುಖ್ಯವಲ್ಲ, ಮುಂದಿನ ವರ್ಷ ತಂಡ ಇಲ್ಲದಿದ್ದರೂ...

"ಸರ," ಎಂದಳು ರೇಣುಕಾ, "ಈಗ ನಮ್ಮೂರಾಗ ಹುಣಸಿ ಸುಗ್ಗಿ."

"ಅದಕ್ಕ?"

"ನಮ್ಮ ಓಣ್ಯಾಗ ಮನಿಗೊಬ್ರು ಹುಣಸಿಹಣ್ಣು ಕುಟ್ಟತಾರ. ನಮ್ಮವ್ವನೂ. ಬಸ್ಸು ಇಳದು ಸೀದಾ ಅಲ್ಲಿಗೆ ಹೋಗೋಣ್ರಿ."

ಸಂಜೆ ನಾಲ್ಕಕ್ಕೆ ಆ ಓಣಿಗೆ ಹೋದೆವು. ಪ್ರತಿ ಹೊಸ್ತಿಲಿನಲ್ಲೂ ಒಂದು ಚಪ್ಪಟೆ ಕಲ್ಲು, ಮರದ ಸುತ್ತಿಗೆಯಂಥ ಒಂದು ಸಣ್ಣ ಕೊಡತಿ. ಟಕ್ ಟಕ್ ಎಂದು ಹಣ್ಣು ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆಯುವ ಕೆಲಸ. ರೇಣುಕಾಳ ತಾಯಿ ದುರುಗವ್ವ ಮಗಳ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಹಡಗಲಿಯ ಹೂವಿನ ಹೆಂಗಸರ ಕತೆ ಹೇಳಿ ರೇಣುಕಾ ಅವಳನ್ನು ಕರೆದಳು.

"ಬರಾಕ ನನಗೂ ಆಸಿ ಐತವ್ವ. ಇದು ಹೂವಲ್ಲ, ನೋಡಿ ಬಡೀಬೇಕು. ಕಣ್ಣು ಆಕಡೆ ಹೋದ್ರ ಬೆರಳು ಹೋಗತೈತಿ. ಸಂಜಿಕ ಚೀಲ ತುಂಬದಿದ್ರ?"

"ಉಳದದ್ದು ನಾವು ಬಡೀತೀವಿ. ಒಂಬತ್ತು ಮಂದಿ ಅದೀವಿ."

"ಎಲ್ಲಾರ್ದೂ?"

"ಎಲ್ಲಾರ್ದೂ."

ಕತ್ತಲಾಗುವವರೆಗೆ ನಾವು ನಾಲ್ಕು ಓಣಿ ತಿರುಗಿದೆವು. ಮಾತು ರೇಣುಕಾಳದು, ನಾನು ಹಿಂದೆ ನಿಂತು ತಲೆ ಆಡಿಸಿದೆ. ಅಷ್ಟು ದೃಢವಾಗಿ ನಾನು ತಲೆ ಆಡಿಸಿದ್ದು ನನ್ನ ಮದುವೆಯಲ್ಲೂ ಇಲ್ಲ.

ಐದನೇ ದಿನ ಮೂರು ಗಂಟೆಗೆ ಮೈದಾನಕ್ಕೆ ಬಂದವನು ಎದೆ ಹಿಡಿದುಕೊಂಡೆ. ಪ್ರಿನ್ಸಿಪಾಲರು ಶಾಮಿಯಾನ ಹಾಕಿಸಿ ಅದರ ಕೆಳಗೆ ನೂರು ಕುರ್ಚಿ ಸಾಲಾಗಿ ಇಡಿಸಿದ್ದರು. ಎಣಿಸಲು ಸುಲಭ ಎಂದು. ಹೆಂಗಸರು ಬರತೊಡಗಿದರು, ತಲೆಯ ಮೇಲೆ ಹಣ್ಣಿನ ಚೀಲ, ಕಂಕುಳಲ್ಲಿ ಕೊಡತಿ. ಅವರು ಕುರ್ಚಿಗಳನ್ನು ನೋಡಿದರು, ದೊಡ್ಡವರು ಯಾರೋ ಬರುತ್ತಾರೆಂದುಕೊಂಡು ಅದರಾಚೆ ಬಿಸಿಲಿನಲ್ಲಿ ನೆಲದ ಮೇಲೆ ಕೂತರು. ಕಲ್ಲು ತಂದಿರಲಿಲ್ಲ, ಮೈದಾನದಲ್ಲೇ ಬಿದ್ದಿದ್ದವನ್ನು ಎಳೆದುಕೊಂಡರು; ಕೂಡ್ಲಿಗಿಯಲ್ಲಿ ಕಲ್ಲು ಹೊತ್ತು ತರುವ ಅಗತ್ಯ ಯಾರಿಗೂ ಬಂದಿಲ್ಲ.

ಪ್ರಿನ್ಸಿಪಾಲರು ಕುರ್ಚಿಗಳ ನಡುವೆ ನಿಂತು ಎಣಿಸಿದರು. "ಹದಿನಾಲ್ಕು," ಎಂದರು. ಅದು ನಮ್ಮ ಸ್ಟಾಫು.

"ಸರ್, ಅಲ್ಲಿ ಅದಾರಲ್ರೀ..."

"ಅವರು ಹುಣಸಿಹಣ್ಣು ಕುಟ್ಟಾಕ ಬಂದಾರ್ರೀ. ಆಟ ನೋಡಾಕಲ್ಲ. ಕೇಳ್ರಿ ಶಬ್ದ."

ನಿಜವೇ. ಹಡಗಲಿ ತಂಡ ಸರ್ವಿಸ್ ಆರಂಭಿಸಿದಾಗ ನನ್ನ ಬೆನ್ನ ಹಿಂದೆ ಟಕ ಟಕ ನಡೆದೇ ಇತ್ತು. ಮೊದಲ ಸೆಟ್ಟು ಸೋತೆವು. ನಾನು ನೋಟ್‌ಬುಕ್ಕು ತೆರೆದು ಹೆಂಗಸರನ್ನು ಎಣಿಸತೊಡಗಿದೆ. ಅರವತ್ತೆರಡು, ಅರವತ್ತಮೂರು. ಎರಡನೇ ಸೆಟ್ಟು ಹದಿಮೂರು ಹದಿಮೂರಕ್ಕೆ ಬಂದಿತ್ತು. ಚೆಂಡು ನೆಟ್ಟಿನ ಆಚೆಗೂ ಈಚೆಗೂ ಹೋಗುತ್ತಲೇ ಇತ್ತು, ನೆಲ ಮುಟ್ಟುತ್ತಿರಲಿಲ್ಲ. ನಾನು ಆ ಕಡೆ ತಿರುಗಿದೆ. ನಾಲ್ಕನೇ ನಂಬರಿನವಳು ಹಾರಿದಳು. ಎಡಕ್ಕೆ ನೋಡಿದಳು.

ಆಗ ನನ್ನ ಹಿಂದೆ ಶಬ್ದವೇ ಇರಲಿಲ್ಲ. ಎಲ್ಲರೂ ಎದ್ದು ಹೋದರೆಂದು ಗಾಬರಿಯಿಂದ ತಿರುಗಿದೆ. ಅಷ್ಟೂ ಹೆಂಗಸರ ಕೊಡತಿ ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ ನಿಂತಿದ್ದವು. ದುರುಗವ್ವನ ಬಾಯಿ ತೆರೆದಿತ್ತು. ನಾನು ಮತ್ತೆ ತಿರುಗುವಷ್ಟರಲ್ಲಿ ರೇಣುಕಾ ಬಲಕ್ಕೆ ಬಿದ್ದಿದ್ದಳು. ಅವಳ ಮುಷ್ಟಿಗೆ ತಗಲಿ ಎದ್ದ ಚೆಂಡು ನೆಟ್ಟು ದಾಟಿ ಹಡಗಲಿಯ ಅಂಗಳದಲ್ಲಿ ಬಿತ್ತು. ಕೊಡತಿಗಳೆಲ್ಲ ಒಟ್ಟಿಗೇ ಕಲ್ಲಿನ ಮೇಲೆ ಇಳಿದವು. ಅಂಥ ಚಪ್ಪಾಳೆ ನಾನು ಕೇಳಿಲ್ಲ.

"ಸಾಹೇಬ್ರ," ಎಂದು ಹಿಂದಿನಿಂದ ಒಬ್ಬ ಮುದುಕಿ ಪ್ರಿನ್ಸಿಪಾಲರಿಗೆ ಕೂಗಿದಳು, "ಅಡ್ಡ ನಿಂತೀರಿ. ಕುಂದ್ರಿ, ಕಾಣವಲ್ದು."

ಅವರು ಕುರ್ಚಿ ಹುಡುಕದೆ ಇದ್ದಲ್ಲೇ ಕುಕ್ಕರಿಸಿದರು.

ಆ ಸೆಟ್ಟು ನಮ್ಮದಾಯಿತು. ಮೂರನೆಯದು ಹದಿನೈದು ಹದಿಮೂರಕ್ಕೆ ಹಡಗಲಿಯದಾಯಿತು. ನಮ್ಮ ಹುಡುಗಿಯರು ನೆಟ್ಟಿನ ಕೆಳಗೆ ಕೈ ಕುಲುಕಿ ತಲೆ ತಗ್ಗಿಸಿ ಬರುತ್ತಿದ್ದಾಗ ಅದೇ ಮುದುಕಿ ಎದ್ದು ನಿಂತಳು.

"ಇನ್ನೊಂದು ಸಲ ಯಾವಾಗ್ರೀ ಸಾಹೇಬ್ರ? ಹಡಗಲಿಯಾರನ್ನ ಗೆಲ್ಲಿಸಿ ಹಂಗ ಕಳಸ್ತೀರೇನು?"

"ಮುಂದಿನ ವರ್ಷ ಬರ್ತಾರವ್ವ, ಬರ್ತಾರ," ಎಂದರು ಪ್ರಿನ್ಸಿಪಾಲರು, ಧೂಳು ಕೊಡವಿಕೊಳ್ಳುತ್ತ. ಹೇಳಿಯಾದ ಮೇಲೆ ಸುತ್ತ ನೋಡಿದರು. ಎಲ್ಲರೂ ಕೇಳಿಸಿಕೊಂಡಿದ್ದರು. ರೇಣುಕಾ ಅಂತೂ ಕಣ್ಣು ಮಿಟುಕಿಸದೆ ನಿಂತಿದ್ದಳು.

ಆಮೇಲೆ ನಮ್ಮ ಒಂಬತ್ತು ಹುಡುಗಿಯರು ಮಾತಿನಂತೆ ಕೊಡತಿ ಹಿಡಿದು ಕೂತರು. ಬಸ್ಸಿಗೆ ಹೊತ್ತಿತ್ತು, ಹಡಗಲಿಯವರೂ ಕೂತರು. ನಾನೂ ಒಂದು ಕೊಡತಿ ತೆಗೆದುಕೊಂಡು ಮೂರನೇ ಏಟಿಗೆ ಹೆಬ್ಬೆರಳು ಬಡಿದುಕೊಂಡೆ. ಐದು ದಿನ ಹೊತ್ತು ತಿರುಗಿದ ಮುಲಾಮಿನ ಮುಚ್ಚಳ ತೆರೆದದ್ದು ಆಗಲೇ. "ಇದ್ದದ್ದು ನಿಮಗಾರ ಉಪಯೋಗ ಆತು ಬಿಡ್ರಿ," ಎಂದರು ಶಾರದಮ್ಮ.

ಆರು ಗಂಟೆಗೆ ಹಡಗಲಿ ತಂಡವನ್ನು ಬಸ್ಸು ಹತ್ತಿಸಿದೆವು. ನಾಲ್ಕನೇ ನಂಬರಿನವಳು ಕಿಟಕಿಯಿಂದ ಎಡಕ್ಕೆ ನೋಡುತ್ತ ಬಲಕ್ಕಿದ್ದ ರೇಣುಕಾಳಿಗೆ ಕೈ ಬೀಸಿದಳು.

"ಎಷ್ಟಾತು ಸರ, ಲೆಕ್ಕ?" ಎಂದು ರೇಣುಕಾ ಕೇಳಿದಾಗಲೇ ನನಗೆ ನೆನಪಾದದ್ದು. ನೋಟ್‌ಬುಕ್ಕಿನಲ್ಲಿ ಅರವತ್ತಮೂರಕ್ಕೆ ಪೆನ್ನು ನಿಂತಿತ್ತು. ಆಮೇಲಿನವರನ್ನು ನಾನು ಎಣಿಸಿರಲಿಲ್ಲ, ಆಟ ನೋಡುತ್ತಿದ್ದೆ. ಅಲ್ಲಿಯೇ ನಿಂತು ಇನ್ನೊಂದು ಗೆರೆ ಹಾಕಿ ಬರೆದೆ: 'ನಡುವೆ ಎದ್ದು ಹೋದವರು, ಯಾರೂ ಇಲ್ಲ.'